ಅಂಗೈ ಬಿಚ್ಚುವ ಕೆಲಸ

ಬೆಳಗಿನ ಪೂಜೆಗೆ ಕೂತಿದ್ದೆ. ಎಡ ಅಂಗೈಯ ಮೇಲೆ ಲಿಂಗ, ಬಲಗೈಯಲ್ಲಿ ವಿಭೂತಿ. ಎಡಗೈ ತನ್ನಷ್ಟಕ್ಕೆ ತಾನೇ ಜಾರಿತು. ಲಿಂಗ ಮಡಿಲಿಗೆ ಬಿತ್ತು.

ಅರವತ್ತು ವರ್ಷದ ಪೂಜೆಯಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ.

ಸ್ಟ್ರೋಕ್ ಅಂದರು ಡಾಕ್ಟರು. ಎಡಗಡೆ ಪೂರ್ತಿ ಹೋಗಿತ್ತು. ಕೊಳಕೂರಿನ ಮನೆಯಲ್ಲಿ ನನ್ನನ್ನು ಎತ್ತಿ ಕೂರಿಸುವವರಿಲ್ಲ. ಮಗಳು ಸಂಗೀತಾ ಜೇವರ್ಗಿಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದಳು. ಅವಳು ಯಡ್ರಾಮಿಯಿಂದ ರವಿವಾರಕ್ಕೊಮ್ಮೆ ಬರುತ್ತಾಳೆ. ದಿನವೂ ನೋಡಿಕೊಳ್ಳುವವಳು ಅಲ್ಲಿನ ನರ್ಸ್ ರೆಹಾನಾ.

ಅವಳ ಕೈಯಲ್ಲಿ ದಿನಕ್ಕೆ ಮೂರು ಸಲ ಶಿಕ್ಷೆ. ಬೆಚ್ಚಗಿನ ನೀರಲ್ಲಿ ನನ್ನ ಕೈ ಅದ್ದಿ ಒಂದೊಂದೇ ಬೆರಳು ಬಿಡಿಸುವುದು, ಮಣಿಕಟ್ಟು ಆಡಿಸುವುದು, ಮೊಣಕಾಲು ಮಡಚಿ ಚಾಚುವುದು. ಜೀವ ಹೋಗುತ್ತಿತ್ತು.

‘ನಿನ್ನ ಕೈ ಸೇದಿ ಹೋಗ್ಲಿ ಬೇ!’

‘ನಿಮ್ದು ಸೇದಿ ಸೆಟೀಬಾರ್ದಂತನೇ ಮಾಡಾಕತ್ತೇನ್ರಿ ಆಯಿ.’

ಒಂದು ರವಿವಾರ ನಾನು ಚೀರಿದ್ದು ಸಂಗೀತಾಳ ಕಿವಿಗೆ ಬಿತ್ತು. ‘ಮುದುಕಿಗ್ಯಾಕ ಇಷ್ಟ್ ತ್ರಾಸ್ ಕೊಡ್ತೀರಿ? ಆರಾಮ ಮಲಗ್ಲಿ ಬಿಡ್ರಿ,’ ಎಂದು ಜಗಳ ತೆಗೆದಳು. ನಾನೂ ಹೂಂ ಅಂದೆ. ಮಗಳು ನನ್ನ ಪರ ನಿಂತಳಲ್ಲ ಎಂದು ಖುಷಿಯೂ ಆಯಿತು. ಆಮೇಲೆ ರೆಹಾನಾ ಹತ್ತಿರ ಬಂದರೆ ಕೈಮೇಲೆ ಸೆರಗು ಮುಚ್ಚಿಕೊಳ್ಳುತ್ತಿದ್ದೆ.

ಇಪ್ಪತ್ತು ದಿನ ಆರಾಮ.

ಇಪ್ಪತ್ತೊಂದನೆಯ ದಿನ ಸೆರಗಿನೊಳಗಿಂದ ನಾತ ಬಂತು. ಬೆರಳುಗಳು ಮಡಚಿ, ಉಗುರು ಅಂಗೈಗೆ ಚುಚ್ಚಿ ಗಾಯವಾಗಿತ್ತು. ರೆಹಾನಾ ಬಿಡಿಸಲು ನೋಡಿದಳು. ಬರಲಿಲ್ಲ.

ಫಿಸಿಯೋ ಡಾಕ್ಟರು ಸಂಗೀತಾಳನ್ನು ಕರೆಸಿ ಹೇಳಿದರು. ‘ಇನ್ನೂ ಬಿಟ್ರ ಮುಷ್ಟಿ ಹಿಂಗೇ ಕೂಡ್ತದ್ರಿ. ಆಮ್ಯಾಲ ಆಪರೇಷನ್ನೇ.’

ನನಗೆ ಆಪರೇಷನ್ನಿನ ಹೆದರಿಕೆಯಲ್ಲ. ‘ಲಿಂಗ ಎಲ್ಲಿಡ್ಲಿ?’ ಅಂದೆ.

‘ಬಲಗೈಯಾಗ ಇಟ್ಕೋ ಅವ್ವಾ, ಶಿವ ಸಿಟ್ಟಾಗಲ್ಲ,’ ಅಂದಳು ಸಂಗೀತಾ. ಆಗಲಿಕ್ಕಿಲ್ಲ. ಆದರೆ ಬಲಗೈಯಲ್ಲಿಟ್ಟರೆ ವಿಭೂತಿ ಹಚ್ಚುವ ಕೈ ಯಾವುದು? ಇನ್ನೊಬ್ಬರು ಮಾಡುವ ಪೂಜೆಯನ್ನು ನಾನು ನೋಡುತ್ತ ಕೂರಬೇಕು. ಅದನ್ನು ನೆನೆದೇ ಅಳು ಬಂತು.

‘ಹಿಡಿ ಬೇ ಕೈ,’ ಅಂದೆ ರೆಹಾನಾಗೆ. ‘ಇನ್ನ ಅತ್ರೂ ಬಿಡಬ್ಯಾಡ.’

ಗಾಯ ಮಾಯುವತನಕ ಮೆಲ್ಲಗೆ, ಆಮೇಲೆ ಜೋರಾಗಿ. ರಾತ್ರಿಯೆಲ್ಲ ಕೈಗೆ ಬೆರಳು ಮಡಚದಂತೆ ಕಟ್ಟುವ ಸ್ಪ್ಲಿಂಟ್ ಪಟ್ಟಿ. ಒಂದು ದಿನ ನಾಲ್ಕು ಬೆರಳು ಬಿಚ್ಚಿದರೆ ಮರುದಿನ ಮತ್ತೆ ಬಿಗಿ. ರವಿವಾರದ ಪಾಳಿ ಸಂಗೀತಾಳದು. ನನಗಿಂತ ಹೆಚ್ಚು ಅವಳೇ ಅಳುತ್ತಾಳೆ, ಆದರೆ ಬೆರಳು ಬಿಡುವುದಿಲ್ಲ.

ಮೂರು ತಿಂಗಳಾದ ಮೇಲೆ, ಕಳೆದ ಸೋಮವಾರ, ಅಂಗೈ ಅರ್ಧ ತೆರೆಯಿತು. ಬಲಗೈಯಿಂದ ಲಿಂಗ ತೆಗೆದು ಅದರ ಮೇಲಿಟ್ಟೆ. ರೆಹಾನಾ ಮುಟ್ಟಲಿಲ್ಲ. ನನ್ನ ಕೈ ಕೆಳಗೆ ತನ್ನ ಓಢಣಿ ಹರಡಿ ಹಿಡಿದಳು.

‘ಬಿದ್ರ ಇದ್ರಾಗೇ ಬೀಳ್ತದ್ರಿ. ಅಂಜಬ್ಯಾಡ್ರಿ.’

ವಿಭೂತಿ ಹಚ್ಚಿದೆ. ಒಂದು ಹೂವು ಏರಿಸಿದೆ. ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಮಣಿಕಟ್ಟು ವಾಲತೊಡಗಿತು. ಗಬಕ್ಕನೆ ಲಿಂಗ ಎತ್ತಿಕೊಂಡೆ. ಪೂಜೆ ಅರ್ಧಕ್ಕೇ ನಿಂತಿತು.

‘ಓಢಣಿ ಖಾಲಿನೇ ಉಳೀತಲ್ರಿ ಆಯಿ!’ ಎಂದು ರೆಹಾನಾ ಅದನ್ನು ಝಾಡಿಸಿ ತೋರಿಸಿದಳು.

ಮಧ್ಯಾಹ್ನ ಅವಳು ಬೆಚ್ಚಗಿನ ನೀರು ತರುವಷ್ಟರಲ್ಲಿ ನಾನೇ ಬಲಗೈಯಿಂದ ಎಡಗೈ ಎತ್ತಿ ಮುಂದಿಟ್ಟುಕೊಂಡು ಕೂತಿದ್ದೆ.