ಕೆಂಪು ಚೀಟಿಯ ಇಲಿಗಳು

ಮನೆಯಲ್ಲಿ ಕಪಾಟು ಮಾಡಿಸುತ್ತಿದ್ದೇನೆ. ನಿನ್ನೆ ಒದ್ದೆಯಾದ ಕಟ್ಟಿಗೆ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು... ಬಡಗಿ ಏನೋ ಅಳತೆ ಕೇಳುತ್ತಿದ್ದ, ನನಗೆ ಕೇಳಿಸಲೇ ಇಲ್ಲ.

ಎಂಬತ್ತರ ದಶಕದಲ್ಲಿ ನಾನು ಅಣ್ಣಿಗೇರಿಯಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಶಹರದ ಮೆಡಿಕಲ್ ಕಾಲೇಜಿಗೆ ಹೋಗಿ ಡಾಕ್ಟರಿಕೆಯ ಮೇಲಿನ ಓದು ಓದುತ್ತಿದ್ದೆ. ನಮ್ಮ ಓಣಿಯ ಕಾಕಾ ಅದೇ ಕಾಲೇಜಿನಲ್ಲಿ ಇಲಿಗಳ ಕೋಣೆ ನೋಡಿಕೊಳ್ಳುವ ದಿನಗೂಲಿ ಆಳು. ಗಾಡಿಯಲ್ಲಿ ನಾನು ಅವರಿಗೆ ‘ಯವ್ವಾ’, ಕಾಲೇಜಿನ ಗೇಟು ದಾಟಿದರೆ ಮರ್ಯಾದೆಯ ‘ಬಾಯಾರು’. ಪಂಜರಕ್ಕೆ ಹೊಟ್ಟು ಹಾಸುವುದು, ನೆನೆಸಿದ ಕಡಲೆ ಹಾಕುವುದು, ಸೂಜಿ ಚುಚ್ಚುವುದು, ಎಲ್ಲಕ್ಕೂ ಅವರ ಕೈ ಪಳಗಿತ್ತು.

ನನ್ನ ಪ್ರಯೋಗವೆಂದರೆ ಇಲಿಗಳ ಹೊಟ್ಟೆಯೊಳಗೆ ಸೋಂಕು ಹತ್ತಿಸುವುದು. ಅರ್ಧದಷ್ಟಕ್ಕೆ ಹೊಸ ಆಂಟಿಬಯೋಟಿಕ್, ಕೆಂಪು ಚೀಟಿ ಅಂಟಿಸಿದ ಪಂಜರದವಕ್ಕೆ ಬರೀ ಉಪ್ಪುನೀರು. ಔಷಧವಿಲ್ಲದವು ಸತ್ತರೆ ತಾನೇ ಔಷಧದ ಗುಣ ಗೊತ್ತಾಗುವುದು! ಮಧ್ಯಾಹ್ನದ ಸೂಜಿ ಕಾಕಾಗೆ ಬಿಟ್ಟಿದ್ದೆ. ಮೂರನೆಯ ದಿನ ನೋಡಿದರೆ ಕೆಂಪು ಚೀಟಿಯವೂ ಕೂತು ಕಡಲೆ ತಿನ್ನುತ್ತಿವೆ.

ಕೇಳಿದೆ. ಅವರು ಮುಚ್ಚಿಡಲಿಲ್ಲ.

“ಮಠದಾಗ ವರ್ಷಗಟ್ಟಲೆ ಬಡಿಸೇನ್ರಿ ಬಾಯಾರ. ಪಂಕ್ತಿಯೊಳಗ ಒಬ್ಬರಿಗೆ ಹಾಕಿ ಬಾಜೂದವರನ್ನ ಬಿಡಾಕ ನನ್ನ ಕೈಲೆ ಆಗೂದಿಲ್ಲ. ಇದ್ದ ಔಷಧಾನ ಎಲ್ಲಾಕೂ ಹಂಚಿನ್ರಿ.”

ನನ್ನ ಮೈ ಉರಿದುಹೋಯಿತು. ಆರು ತಿಂಗಳ ಕೆಲಸ ನೀರಲ್ಲಿ ಹೋಮ ಮಾಡಿದಂತಾಗಿತ್ತು. ನೆಟ್ಟಗೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಹೇಳಿದೆ... ದಿನಗೂಲಿಯವರನ್ನು ತೆಗೆಯಲು ಎಷ್ಟು ಹೊತ್ತು? ಮರುದಿನದಿಂದ ಗಾಡಿಯಲ್ಲಿ ನಾನೊಬ್ಬಳೇ. ಕಾಕಾ ಐವತ್ತು ದಾಟಿದ ವಯಸ್ಸಿನಲ್ಲಿ ಮಂದಿಯ ಹತ್ತಿ ಹೊಲಕ್ಕೆ ಕೂಲಿಗೆ ಹೊರಟರು. ವಾಪಸ್ ಕರೆಸಿ ಎಂದು ನಾನು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ಪ್ರಯೋಗ ಮತ್ತೆ ಮಾಡಿದೆ. ಈ ಸಲ ಎಲ್ಲ ಸೂಜಿಯನ್ನೂ ನಾನೇ ಚುಚ್ಚಿದೆ. ಕೆಂಪು ಚೀಟಿಯವು ಒಂದೂ ಉಳಿಯಲಿಲ್ಲ. ಪದವಿ ಸಿಕ್ಕಿತು. ಪೇಢೆ ಹಿಡಿದುಕೊಂಡು ಕಾಕಾನ ಮನೆಗೆ ಹೋದೆ, ಯಾವ ಮುಖ ಹೊತ್ತು ಹೋದೆನೋ! ಬಿರುಕುಬಿಟ್ಟ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಅವರು ಪೇಢೆ ತಗೊಂಡರು.

“ಎರಡನೇ ಸಲ ಮಾಡಿದಿಯಂತಲ್ಲ ಯವ್ವಾ, ಆವಾಗ ಕೆಂಪು ಚೀಟಿಯವು ಬದಕಿದ್ವೇನ?”

“ಎಲ್ಲಾ ಬದಕ್ಯಾವ ಕಾಕಾ,” ಅಂದುಬಿಟ್ಟಿತು ನನ್ನ ಹಾಳು ನಾಲಿಗೆ.

ಅವರ ಮುಖ ಅರಳಿತು. ಪೇಢೆಯ ಒಂದು ಚೂರು ಬಾಯಿಗಿಟ್ಟು ಕೇಳಿದರು:

“ಹಂಗಾದ್ರ ನನ್ನ ಯಾಕ ತಗದ್ರ ಯವ್ವಾ?”

ಸಿಟ್ಟಿನಿಂದ ಕೇಳಿದ್ದಲ್ಲ, ನನ್ನ ಸುಳ್ಳನ್ನು ನಂಬಿ, ಅವು ಬದುಕಿದ್ದು ತಪ್ಪಲ್ಲವಾದರೆ ತಮ್ಮ ತಪ್ಪೇನೆಂದು ನಿಜಕ್ಕೂ ತಿಳಿಯದೆ ಕೇಳಿದ್ದು. ನಾನು ಎದ್ದು ಬಂದೆ.

ಕಾಕಾ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಆಗಿನ ವಯಸ್ಸನ್ನೂ ದಾಟಿದ್ದೇನೆ ನಾನೀಗ... ತಮ್ಮನ್ನು ಯಾಕೆ ತೆಗೆದರೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿಸಬೇಕಾದವಳು ನಾನೊಬ್ಬಳೇ ಇದ್ದೆ.