ಚೀಟಿ ಬಂದ ಮೇಲೆ

ನಮ್ಮ ಊರಿನ ಕಡೆ ಆರ್ಕೆಸ್ಟ್ರಾ ಎಂದರೆ ಒಂದೇ ಅರ್ಥ. ಮದುವೆ ಹಾಲಿನಲ್ಲೋ ಗಣೇಶೋತ್ಸವದ ಪೆಂಡಾಲಿನಲ್ಲೋ ಕೀಬೋರ್ಡು, ಡ್ರಮ್ಮು ಇಟ್ಟುಕೊಂಡು ಸಿನಿಮಾ ಹಾಡು ಹಾಡುವ ತಂಡ. ಜನ ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುತ್ತಾರೆ, ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಅನ್ನುತ್ತಾರೆ. ಹಾಗಾಗಿ ದುಬೈಯಲ್ಲಿ ನಮ್ಮ ಜೊತೆಗಿದ್ದು ಓದುತ್ತಿದ್ದ ಮಗಳು, ವಯಲಿನ್ ನುಡಿಸಲು ಮಕ್ಕಳ ಆರ್ಕೆಸ್ಟ್ರಾಕ್ಕೆ ಆಯ್ಕೆಯಾದೆ ಎಂದಾಗ, ಯಾವ ಹಾಡು ಎಂದು ಕೇಳಿದೆ. ಹಾಡಲ್ಲ, ಗ್ರೀಸ್ ದೇಶದ ಒಬ್ಬ ಆಧುನಿಕ ಸಂಗೀತಗಾರನ ಕೃತಿ ಎಂದಳು. ತೀರಿಹೋದ ಆ ಮನುಷ್ಯನ ಹೆಸರು ನನ್ನ ನಾಲಗೆಯಲ್ಲಿ ಇವತ್ತಿಗೂ ಹೊರಳುವುದಿಲ್ಲ.

ಆ ಚಳಿಗಾಲವಿಡೀ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ ಅದರದ್ದೇ ಅಭ್ಯಾಸ. ತಂತಿಯ ಮೇಲೆ ಒಂದು ಬೆರಳು ಕೆಳಗಿನಿಂದ ಮೇಲಕ್ಕೆ ಜಾರುತ್ತಿತ್ತು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ರಾಸ್ ಅಲ್ ಖೋರಿನಲ್ಲಿ ಕಾರಿನ ಬಿಡಿಭಾಗ ಮಾರುವ ನನ್ನ ಕಿವಿಗೆ ಅದು ಸಡಿಲಾದ ಫ್ಯಾನ್ ಬೆಲ್ಟಿನ ಸದ್ದು. ಹಾಗೆಂದು ಬಾಯಿ ತಪ್ಪಿ ಹೇಳಿದ್ದಕ್ಕೆ ಒಂದು ದಿನ ಮಾತು ಬಿಟ್ಟಳು. ಆಮೇಲೆ ಅವಳೇ ವಿವರಿಸಿದಳು. ಈ ಕೃತಿಯಲ್ಲಿ ಪ್ರತಿಯೊಂದು ವಯಲಿನ್ನಿಗೂ ಬೇರೆಯೇ ಪಾಠ, ಒಬ್ಬರದ್ದು ಇನ್ನೊಬ್ಬರಿಗಿಲ್ಲ. ಹಾಗಾದರೆ ತಪ್ಪಿದರೆ ಯಾರಿಗೆ ಗೊತ್ತಾಗುತ್ತದೆ ಎಂದೆ.

“ನಂಗೆ ಗೊತ್ತಾಗ್ತದಲ್ಲ ಪಪ್ಪಾ,” ಎಂದಳು. “ಇದು ಸರಿ ಆದ್ರೆ ಐ ವಿಲ್ ಕಂಟಿನ್ಯೂ. ಇಲ್ಲದಿದ್ರೆ ಖಲಾಸ್.”

ಅವಳು ಸುಮ್ಮನೆ ಮಾತಾಡುವವಳಲ್ಲ. ಚಿಕ್ಕಂದಿನಿಂದ ಹಿಡಿದ ವಯಲಿನ್ ಒಂದು ಸಂಗೀತ ಕಚೇರಿಯ ಮೇಲೆ ನಿಂತಿದೆ ಎಂದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕಾರ್ಯಕ್ರಮ ಶುಕ್ರವಾರ ಮಧ್ಯಾಹ್ನ, ಅಬುಧಾಬಿಯಲ್ಲಿ. ಕೆಳಗಿನ ಫ್ಲ್ಯಾಟಿನ ಪೊರ್ಬುಗಳೂ ಬಂದರು. ಮಂಗಳೂರಿನ ಕ್ರಿಶ್ಚಿಯನ್ನರನ್ನು, ಒಬ್ಬರೇ ಇದ್ದರೂ, ನಮ್ಮ ತುಳುವಿನಲ್ಲಿ ಗೌರವದಿಂದ ಕರೆಯುವುದೇ ಹಾಗೆ. ಇವರಿಗೆ ಈಗ ಹೋಟೆಲಿನಲ್ಲಿ ಕೆಲಸ, ಹರೆಯದಲ್ಲಿ ಊರಿನ ಆರ್ಕೆಸ್ಟ್ರಾದ ಕೀಬೋರ್ಡು. ಆರ್ಕೆಸ್ಟ್ರಾ ಎಂದ ಮೇಲೆ ತಾನು ಬಾರದೆ ಹೇಗೆ ಎಂದು ಕೋಟು ಹಾಕಿ, ಸೆಂಟು ಬಳಿದು ಹೊರಟಿದ್ದರು. ಇದು ಆ ಆರ್ಕೆಸ್ಟ್ರಾ ಅಲ್ಲ ಎಂದು ದಾರಿಯುದ್ದಕ್ಕೂ ಹೇಳಿದೆ. ಹಾಗಾದರೆ ಯಾವುದು ಎಂದು ಕೇಳಿದರೆ ನನಗೂ ಗೊತ್ತಿರಲಿಲ್ಲ.

ಕಪ್ಪು ಬಟ್ಟೆಯ ಮಕ್ಕಳು ವೇದಿಕೆ ತುಂಬ ಕೂತಿದ್ದರು, ಮಗಳು ಕೊನೆಯ ಸಾಲಿನ ತುದಿಗೆ. ಎದುರು ನಿಂತು ತಂಡ ನಡೆಸಲು ಕೋಲು ಹಿಡಿದವರು ಕೈ ಎತ್ತಿದ್ದೇ ಒಂದು ಕಡೆಯಿಂದ ಸದ್ದು ಮೇಲೇರಿತು, ಇನ್ನೊಂದು ಕಡೆಯಿಂದ ಇಳಿಯಿತು. ರಾಸ್ ಅಲ್ ಖೋರಿನ ಗಾಡಿಗಳ ಬೆಲ್ಟೆಲ್ಲ ಒಟ್ಟಿಗೆ ಜಾರಿದ ಹಾಗೆ. ನಾನು ಅದರೊಳಗೆ ಮಗಳ ಸದ್ದನ್ನು ಹುಡುಕತೊಡಗಿದೆ. ಅವಳ ಕಮಾನು ಆಡುವುದು ಕಾಣುತ್ತಿತ್ತು, ಕೇಳುವುದು ಮಾತ್ರ ಎಲ್ಲರದ್ದು. ಆ ಗ್ರೀಕನ ಮೇಲೆ ಸಿಟ್ಟು ಬಂತು. ಮಗುವಿಗೊಂದು ಬೇರೆ ಪಾಠ ಬರೆದ ಪುಣ್ಯಾತ್ಮ, ಹೆತ್ತವರು ಅದನ್ನು ಕೇಳುವ ದಾರಿಯನ್ನು ಬರೆಯಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ನನ್ನ ಕೈ ಒತ್ತಿ, “ಈಗ ಕೇಳಿದ್ದು ಅವಳದ್ದೇ,” ಎಂದಳು. ಇವಳಿಗೆ ಹೇಗೆ ತಿಳಿಯಿತೋ, ನನಗೇಕೆ ತಿಳಿಯಲಿಲ್ಲವೋ.

ಚಪ್ಪಾಳೆ ಶುರುವಾದಾಗ ಪೊರ್ಬುಗಳು ಜೇಬಿನಿಂದ ಕಾಗದ ತೆಗೆದು ಇಂಗ್ಲಿಷಿನಲ್ಲಿ ಏನೋ ಗೀಚಿದರು. ಬಗ್ಗಿ ಓದಿದೆ: ಕೊನೆಯ ಸಾಲಿನ ತುದಿಯ ಹುಡುಗಿ ಒಬ್ಬಳೇ ನುಡಿಸಬೇಕು. ತಡೆಯುವಷ್ಟರಲ್ಲಿ ಚೀಟಿ ಬಾಗಿಲ ಬಳಿಯ ಫಿಲಿಪಿನೋ ಹುಡುಗಿಯ ಕೈ ಸೇರಿತ್ತು. ಅವಳು ಓದಿ, ನಕ್ಕು, ವೇದಿಕೆಯ ಹಿಂದಕ್ಕೆ ಹೋದಳು. ಎಲ್ಲೋ ಕಸದ ಬುಟ್ಟಿಗೆ ಹೋಗಲಿ ಎಂದು ನಾನು ಬೇಡಿಕೊಂಡೆ.

ಮಗಳು ಊದಿದ ಮುಖ ಹೊತ್ತು ಬಂದು ಅಮ್ಮನ ಪಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ಮುಸಫ್ಫಾದ ಬೋರ್ಡು ದಾಟಿತು. ಆಮೇಲೆ ಒಮ್ಮೆಲೇ ಹೇಳಿದಳು. ನಡುವೆ ಎಲ್ಲಿದ್ದೇನೆಂದು ತಪ್ಪಿಹೋಯಿತಂತೆ, ಮತ್ತೆ ಸಿಗಲೇ ಇಲ್ಲವಂತೆ. ಕೊನೆಯವರೆಗೂ ತಂತಿಗೆ ತಾಗಿಸದೆ ಕಮಾನು ಆಡಿಸಿದಳಂತೆ. ಯಾರೋ ಅದನ್ನು ನೋಡಿಬಿಟ್ಟಿದ್ದಾರೆ ಎಂದು ಮುಂದಿನ ಸೀಟಿಗೆ ಒಂದು ಕಾಗದ ಚಾಚಿದಳು. ಕೋಲು ಹಿಡಿದವರೇ ನಗುತ್ತಾ ಕೊಟ್ಟರಂತೆ.

“ಒಬ್ಬಳೇ ನುಡಿಸ್ಬೇಕಂತೆ. ದೇ ನೋ ಐ ವಾಸ್ ಫೇಕಿಂಗ್. ಖಲಾಸ್ ಪಪ್ಪಾ.”

ನನ್ನ ತಲೆ ಕೆಟ್ಟು ಹೋಯಿತು. ಅಷ್ಟು ಹೊತ್ತು ಕಿವಿ ನೆಟ್ಟು ಹುಡುಕಿದ ಸದ್ದು ಅಲ್ಲಿ ಇರಲೇ ಇಲ್ಲವೇ? ಹಾಗಾದರೆ ಹೆಂಡತಿ ಕೇಳಿದ್ದು ಯಾರದ್ದು? ಕನ್ನಡಿಯಲ್ಲಿ ನೋಡಿದೆ. ಅವಳು ಮಗಳ ತಲೆ ಸವರುತ್ತಿದ್ದಳು.

ನನ್ನ ಪಕ್ಕದ ಸೀಟಿನಿಂದ ಪೊರ್ಬುಗಳು ಹಿಂದಕ್ಕೆ ತಿರುಗಿದರು. “ಅದು ನಾನು ಬರೆದದ್ದು ಮಗಾ. ನಮ್ಮ ಆರ್ಕೆಸ್ಟ್ರಾದಲ್ಲಿ ಹಾಗೇ. ಬೇಕಾದವ್ರ ಹಾಡು ಕೇಳ್ಬೇಕೂಂತ ಆದ್ರೆ ಚೀಟಿ ಕೊಡುದು. ನೀನು ತಪ್ಪಿದ್ದು ನಂಗೆ ಗೊತ್ತೇ ಆಗ್ಲಿಲ್ಲ.” ಚೀಟಿಯನ್ನು ಅವಳ ಕೈಗೆ ಮರಳಿಸುತ್ತ ಹೇಳಿದರು, “ಆದ್ರೆ ಚೀಟಿ ಬಂದ ಮೇಲೆ ಆಗುದಿಲ್ಲ ಅಂತ ಹೇಳ್ಲಿಕ್ಕಿಲ್ಲ. ನಾವು ಯಾರೂ ಹೇಳಿದವರಲ್ಲ.”

ನಾನು ಯಾಕೆ ಹಾಗೆ ಮಾಡಿದೆನೋ, ಮುಂದೆ ಸಿಕ್ಕ ಪೆಟ್ರೋಲ್ ಪಂಪಿಗೆ ಗಾಡಿ ತಿರುಗಿಸಿ, ಅಂಗಡಿಯ ಹಿಂದೆ ನಿಲ್ಲಿಸಿದೆ. ಮಗಳು ತಾನೇ ಇಳಿದು ವಯಲಿನ್ ಪೆಟ್ಟಿಗೆ ಬಿಚ್ಚಿದಳು.

ಸಂಜೆಯ ಬಿಸಿಲಿನಲ್ಲಿ ಅದೇ ಜಾರುವ ಸದ್ದು, ಈ ಸಲ ಒಂದೇ ಒಂದು. ಕಡಕ್ ಚಹಾ ಕುಡಿಯುತ್ತಿದ್ದ ಡ್ರೈವರುಗಳು ತಿರುಗಿ ನೋಡಿದರು. ನಡುವೆ ಒಂದು ಕಡೆ ನಿಂತಳು. ಕಣ್ಣು ಮುಚ್ಚಿ, ತುಟಿಯಲ್ಲೇ ಲೆಕ್ಕ ಹಾಕಿ ಮತ್ತೆ ಹೊರಟಳು, ಕೊನೆಯವರೆಗೂ ಹೋದಳು. ತಪ್ಪಿದ ಜಾಗ ದಾಟಿದಳೆಂದು ನನಗೆ ತಿಳಿದದ್ದು ಅವಳ ಭುಜ ಇಳಿದದ್ದರಿಂದ, ಸಂಗೀತದಿಂದಲ್ಲ.

ಮುಗಿದ ಮೇಲೆ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಊರಿನ ಆರ್ಕೆಸ್ಟ್ರಾ ಎಂದರೆ ಮೂಗು ಮುರಿಯುತ್ತಿದ್ದ ಹೆಂಡತಿ ಮೆಲ್ಲಗೆ, “ವನ್ಸ್ ಮೋರ್,” ಎಂದಳು.

ಮಗಳು ಅಮ್ಮನನ್ನೇ ನೋಡಿದಳು. ಆಮೇಲೆ ವಯಲಿನ್ನನ್ನು ಮತ್ತೆ ಗಲ್ಲದ ಕೆಳಗಿಟ್ಟುಕೊಂಡಳು. ಖಲಾಸ್ ಅಂದದ್ದು ಏನಾಯಿತು ಎಂದು ನಾನು ಕೇಳಲಿಲ್ಲ. ವಯಲಿನ್ ಕೇಳುತ್ತ ನಿಂತೆ.