ಸುಬೇದಾರರ ಡೇರೆಯಲ್ಲಿ ನಮ್ಮ ನ್ಯಾಯ

ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ನಾನು ಫೌಜಿಗೆ ಸೇರಿದೆ. ಕಲಬುರಗಿಯ ಬ್ರಹ್ಮಪುರದ ಮನೆಯಲ್ಲಿ ಅವ್ವ ಅತ್ತಳು, ಅಪ್ಪ ಓಣಿಗೆಲ್ಲ ಪೇಢೆ ಹಂಚಿದ. ಊರ ಹೊರಗಿದ್ದ ಕ್ಯಾಂಪಿನಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತು. ನನ್ನ ಜೊತೆಯ ಡ್ರೈವರ್ ಕಮಲಾಪುರದವನು, ಕೆಂಪು ಬಾಳೆಯ ತೋಟದಲ್ಲಿ ಬೆಳೆದವನು. ಲಾರಿಯ ಕೆಳಗೆ ಅಂಗಾತ ಮಲಗಿ ರಿಪೇರಿ ಮಾಡುತ್ತಲೇ ತತ್ವಪದ ಹಾಡುತ್ತಿದ್ದ. ಪಕ್ಕದಲ್ಲಿ ಕುಳಿತು ನಟ್ಟು ಬಿಗಿಯುವ ಪಾನಾ ಎತ್ತಿಕೊಡುತ್ತ ಕೊಡುತ್ತ ನಾನು ಅವನನ್ನು ಪ್ರೀತಿಸತೊಡಗಿದೆ. ಅವನೂ ನನ್ನನ್ನು ಪ್ರೀತಿಸಿದ. ನಾವು ಯಾರಿಗೂ ಹೇಳಲಿಲ್ಲ. ಆದರೂ ಬ್ಯಾರಕಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಹವಾಲ್ದಾರನೊಬ್ಬನಿಗೆ ಮಾತ್ರ ಅದು ಸಹಿಸಲಾಗಲಿಲ್ಲ. ಊಟದ ಹೊತ್ತಿಗೆ ಗಂಡ ಹೆಂಡತಿ ಬಂದರೆಂದು ಕೂಗುತ್ತಿದ್ದ. ಒಂದು ಮಧ್ಯಾಹ್ನ ಗೆಳೆಯನ ತಾಟಿನೊಳಗೆ ಹಸಿರು ಬಳೆ ಹಾಕಿ ಎಲ್ಲರೆದುರು ತೊಟ್ಟುಕೋ ಎಂದ. ನಾನು ಎದ್ದು ಅವನ ಕೆನ್ನೆಗೆ ಬಾರಿಸಿಬಿಟ್ಟೆ.

ಮೇಲಿನವನಿಗೆ ಕೈಮಾಡುವುದು ದೊಡ್ಡ ಅಪರಾಧ. ಹವಾಲ್ದಾರ ನೇರ ಸುಬೇದಾರರ ಬಳಿ ಹೋಗಿ ನಮ್ಮ ಸಂಬಂಧವನ್ನೂ ಹೇಳಿ, ಇಬ್ಬರನ್ನೂ ಮನೆಗೆ ಕಳಿಸಬೇಕೆಂದು ಹಟ ಹಿಡಿದ. ಕಾನೂನಿನಂತೆ ನಡೆದಿದ್ದರೆ ಹಾಗೇ ಆಗುತ್ತಿತ್ತು. ಬೇರೆ ಕ್ಯಾಂಪುಗಳಲ್ಲಿ ಹಾಗೆ ನೌಕರಿ ಕಳೆದುಕೊಂಡವರಿದ್ದರು.

ಸುಬೇದಾರರು ವಿಜಯಪುರದ ಕಡೆಯವರು. ಮೂವರನ್ನೂ ಡೇರೆಗೆ ಕರೆಸಿದರು. ಮೊದಲು ಹವಾಲ್ದಾರನನ್ನು, ಆಮೇಲೆ ಬಳೆಯ ಪ್ರಸಂಗ ಕಂಡಿದ್ದ ಅಡುಗೆಯವನನ್ನು ಕೇಳಿದರು. ಕೊನೆಗೆ ಯಾಕೆ ಹೊಡೆದೆ ಎಂದು ನನ್ನನ್ನು ಕೇಳಿದರು. ನಾನು ಹೇಳುವ ಮೊದಲೇ ಗೆಳೆಯ ಮುಂದೆ ಬಂದ.

“ಸಾಹೇಬ್ರ, ಇವ ನನ್ನ ಜೀವದವ ಅದಾನ್ರಿ. ನನ್ನ ಸಲುವಾಗಿ ಹೊಡದಾನ. ಶಿಕ್ಷಾ ಕೊಡೋದಿದ್ರ ಇಬ್ಬರಿಗೂ ಕೊಡ್ರಿ.”

 ಸುಬೇದಾರರು ಹವಾಲ್ದಾರನತ್ತ ತಿರುಗಿದರು. ಇವರಿಬ್ಬರು ಎಂದಾದರೂ ಕೆಲಸ ತಪ್ಪಿಸಿದ್ದಾರೆಯೇ ಎಂದು ಕೇಳಿದರು. ಅವನು ಇಲ್ಲವೆನ್ನಬೇಕಾಯಿತು.

“ಹಂಗಾದ್ರ ಯಾರಿಗೆ ಯಾರು ಬೇಕಾದವ್ರು ಅನ್ನೋದು ನಿನಗ್ಯಾಕ? ಸಿಪಾಯಿ ಉಣ್ಣೋ ತಾಟಿನ್ಯಾಗ ಬಳಿ ಹಾಕಿದವ ನೀನು. ಮೊದಲ ಅದರ ಜವಾಬು ಕೊಡು.”

 ಹವಾಲ್ದಾರನನ್ನು ನಮ್ಮ ಬ್ಯಾರಕಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಕೈಮಾಡಿದ್ದಕ್ಕೆ ನಾನು ಭಾರದ ಗಂಟು ಹೊತ್ತು ಬಿಸಿಲಲ್ಲಿ ಮೈದಾನ ಸುತ್ತಬೇಕಾಯಿತು. ಈ ಮಾತು ಡೇರೆ ದಾಟಿ ಮೇಲಿನ ಅಧಿಕಾರಿಗಳವರೆಗೆ ಹೋಗಬಾರದೆಂದು ಎಲ್ಲರಿಗೂ ತಾಕೀತು ಮಾಡಿದರು.

ನಾನು ಓಡತೊಡಗಿದಾಗ ಗೆಳೆಯನೂ ಒಂದು ಗಂಟು ಹೆಗಲಿಗೇರಿಸಿಕೊಂಡು ಪಕ್ಕದಲ್ಲೇ ಓಡಿಬಂದ. ನಿನಗ್ಯಾರು ಹೇಳಿದರು ಎಂದರೆ ಬರೀ ನಕ್ಕ. ಸುಬೇದಾರರು ಕಂಡೂ ಕಾಣದವರಂತೆ ಅತ್ತ ತಿರುಗಿ ಚಹಾ ಕುಡಿದರು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ನಮಗೋ ನಗು ತಡೆಯಲಾಗುತ್ತಿರಲಿಲ್ಲ.

ಮುಂದಿನ ರಜೆಗೆ ಅವನ ಜೊತೆ ಕಮಲಾಪುರಕ್ಕೆ ಹೋದೆ. ಬಾವಿಯಲ್ಲಿ ಅವನು ನನಗೆ ಈಜು ಕಲಿಸಿದ. ನಾನು ನೀರು ಕುಡಿದು ಕೆಮ್ಮುವುದನ್ನು ನೋಡಿ ಮೇಲೆ ನಿಂತ ಅವನವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಿಸಿ ರೊಟ್ಟಿ ಆರುತ್ತಿವೆ, ಇಬ್ಬರೂ ಮೇಲೆ ಬನ್ನಿ ಎಂದು ಕರೆದಳು.